ನಾಲ್ಕು ಕೈಯ ಕೂಸು

ಸಂತ ಮಾರ್ಟಿನನ ಹಬ್ಬ, ನವೆಂಬರ್ 11, 1217

ಇವತ್ತು ನನ್ನ ತಮ್ಮ ಥಿಬೋ ಹಬ್ಬದ ಹೆಬ್ಬಾತನ್ನು ಕೊಯ್ದ. ನನಗೆ ಕೊಯ್ದಂತಾದದ್ದು ಬೇರೆ ಕಡೆ.

ಹಬ್ಬದೂಟದಲ್ಲಿ ಬಾತನ್ನು ಕೊಯ್ದು ಬಡಿಸುವ ಗೌರವ ಮನೆಯ ಕಿರಿಯನದು. ಒಡೆಯನಾದವನು ಎತ್ತರದ ಕುರ್ಚಿಯಲ್ಲಿ ಕೂತು ಗಂಭೀರವಾಗಿ ಕಾಯಬೇಕು. ಕಾದೆ. ಥಿಬೋ ತೋಳು ಮಡಚಿ, ಚಾಕುವನ್ನು ಬೆರಳ ಸುತ್ತ ಒಮ್ಮೆ ತಿರುಗಿಸಿ, ತೊಡೆಯನ್ನು ಒಂದೇ ಏಟಿಗೆ ಬಿಡಿಸಿ, ಮೊದಲ ತುಂಡನ್ನು ಮೆಲಿಸಾಂದಳ ಮುಂದೆ ಇಳಿಸಿದ.

"ಎಷ್ಟು ನಾಜೂಕು!" ಎಂದಳು ಅವಳು.

ನಾನೂ ನಾಜೂಕಿನವನೇ. ಆದರೆ ಸುಮ್ಮನೆ ಕೂತಿರುವವನ ನಾಜೂಕು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೆಲಿಸಾಂದ್ ನಮ್ಮ ಸಾಮಂತನಾಗಿದ್ದ ಸೊರೆಲ್ ಕೋಟೆಯ ರಾವುಲನ ಹೆಂಡತಿ. ರಾವುಲ್ ಈ ಬೇಸಿಗೆಯಲ್ಲಿ ಕಾಡುಹಂದಿಯ ಬೆನ್ನುಹತ್ತಿ ಹೋದ. ಹಂದಿ ಹಿಂದಕ್ಕೆ ತಿರುಗಿತು, ರಾವುಲ್ ಹಿಂದಿರುಗಲಿಲ್ಲ. ಸಾಮಂತ ಸತ್ತರೆ ಅವನ ಹೆಂಡತಿ ಮಕ್ಕಳು ಒಡೆಯನ ಕಾವಲಿಗೆ ಬರುವುದು ನಮ್ಮಲ್ಲಿಯ ಪದ್ಧತಿ. ಹಾಗೆ ಈ ಬಸುರಿ ಹೆಂಗಸು ನಮ್ಮ ವೆರ್ಲೇ ಕೋಟೆಗೆ, ನನ್ನ ಸೂರಿನಡಿಗೆ ಬಂದಳು. ಅವಳ ಮರುಮದುವೆಯೂ ನನ್ನ ಮಾತಿನ ಮೇಲೆಯೇ ಆಗಬೇಕು. ಅವಳನ್ನು ಕಾಯುವುದು ನನ್ನ ಹಕ್ಕು. ಅವಳಿಗಾಗಿ ಕಾಯುವುದು ನನ್ನ ಪಾಡು.

ಅಪ್ಪನ ಲೆಕ್ಕದಲ್ಲಿ ಹಿರಿಯ ಓಬ್ರಿ ಒಡೆಯ, ಕಿರಿಯ ಥಿಬೋ ಯೋಧ, ನಡುವಿನ ನಾನು ಪಾದ್ರಿ. ಥಿಬೋನನ್ನು ಸೋದರಮಾವನ ಕೋಟೆಗೆ ಕತ್ತಿ ಕಲಿಯಲು ಕಳಿಸಿದರು, ನನ್ನನ್ನು ಷಾರ್ತ್ರ್ ನಗರದ ಗುರುಗಳ ಬಳಿ ಗ್ರಂಥ ಕಲಿಯಲು. ಓಬ್ರಿ ಜ್ವರದಲ್ಲಿ ಹೋದ. ನನ್ನನ್ನು ಗ್ರಂಥಗಳ ನಡುವಿನಿಂದ ಎಳೆತಂದು ಅವನ ಕುರ್ಚಿಯಲ್ಲಿ ಕೂರಿಸಿದರು. ಬೋಳಿಸಿದ ನೆತ್ತಿಯಲ್ಲಿ ಕೂದಲು ಬೆಳೆಯಲು ಒಂದು ವರ್ಷ ಹಿಡಿಯಿತು. ಒಡೆತನ ಇನ್ನೂ ಬೆಳೆಯುತ್ತಿದೆ.

ಪಾಠದ ಹಳೆಯ ಚರ್ಮದ ಹಾಳೆಗಳ ಬೆನ್ನ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಓದಬಲ್ಲವರು ಪಾದ್ರಿ ಫುಲ್ಕ್ ಒಬ್ಬರೇ. ಅವರಿಗೂ ಬಿಸಿಲು ಬೇಕು, ಅದೃಷ್ಟವೂ ಬೇಕು.

ನವೆಂಬರ್ 15

ಮೆಲಿಸಾಂದ್ ಕಿಟಕಿಯಲ್ಲಿದ್ದಳೆಂದು ಕುದುರೆ ಏರಿದೆ. ಕುದುರೆಗೆ ಅದು ಕುದುರಲಿಲ್ಲ.

ಎತ್ತಿದವನು ಥಿಬೋ. "ಅಣ್ಣ, ಕೆಸರು ಮೆತ್ತಗಿತ್ತು ತಾನೆ?" ಎಂದು ಕೇಳಿದ. ಅವನ ಕಾಳಜಿ ನಿಜವಾದದ್ದು. ಅದನ್ನೇ ನನಗೆ ಸಹಿಸಲಾಗದು.

ಸಂತ ಕ್ಯಾಥರೀನಳ ಹಬ್ಬ, ನವೆಂಬರ್ 25

ಅಮ್ಮನ ಹತ್ತಿರ ಮಾತು ತೆಗೆದೆ. ಅಮ್ಮ ಬೆಂಕಿಯ ಪಕ್ಕ ಕೂತು ನೂಲುತ್ತಿದ್ದಳು.

"ಮೆಲಿಸಾಂದ್‌ಗೆ ಇನ್ನೂ ಚಿಕ್ಕ ವಯಸ್ಸು, ಅಲ್ವಾ ಅಮ್ಮ?"

"ಹೌದು."

"ಒಬ್ಬಳೇ ಕೋಟೆ ನೋಡ್ಕೊಳ್ಳೋದು ಕಷ್ಟ."

"ನಾನು ನೋಡ್ಕೊಳ್ಳಲಿಲ್ವಾ?"

"ನಿನ್ನ ವಿಷಯ ಬೇರೆ."

"ನನ್ನ ವಿಷಯ ಬೇರೆ ಹೇಗಾಗುತ್ತೋ? ನಿಮ್ಮಪ್ಪ ಸತ್ತಾಗ ನನ್ನನ್ನೂ ಯಾರ್ಯಾರಿಗೋ ಕಟ್ಟೋಕೆ ಬಂದಿದ್ರು. ಮೂರು ಗಂಡುಮಕ್ಕಳನ್ನ ಸೆರಗಿಗೆ ಕಟ್ಕೊಂಡು ಬಾಗಿಲಲ್ಲಿ ನಿಂತೆ." ದಾರ ಕಡಿದು ನನ್ನತ್ತ ನೋಡಿದಳು. "ಸುತ್ತಿ ಬಳಸಿ ಮಾತಾಡೋಕೇನಾ ನಿನ್ನನ್ನ ಷಾರ್ತ್ರ್‌ಗೆ ಕಳಿಸಿದ್ದು? ಬೇಕು ಅಂದ್ರೆ ಕೇಳು. ಥಿಬೋಗೂ ಬೇಕಂತೆ. ಅವನು ಬಂದು ನೇರವಾಗಿ ಹೇಳಿದ."

"ಅವಳು ಏನಂದಳಂತೆ?"

"ಹೆರಿಗೆಯಾಗಿ, ಚರ್ಚಿನಲ್ಲಿ ಶುದ್ಧಿಯಾಗೋ ತನಕ ಆ ಮಾತೇ ಬೇಡ ಅಂದಿದ್ದಾಳೆ. ಒಡೆಯ ಅಂತ ಬಲವಂತ ಮಾಡೀಯಾ, ನಾನೇ ನಿನ್ನನ್ನ ಕುರ್ಚಿಯಿಂದ ಇಳಿಸ್ತೀನಿ."

ಬಲವಂತ ಮಾಡುವವನು ನಾನಲ್ಲ. ಅವಳಾಗಿ ಒಪ್ಪಬೇಕು. ಥಿಬೋನ ಪಕ್ಕ ನಿಂತರೆ ನನ್ನನ್ನು ಯಾರು ಒಪ್ಪುತ್ತಾರೆ? ಅವನಿಗೆ ಬಂದಿರುವುದು ಕತ್ತಿವರಸೆ.

ನನಗೆ ಬಂದಿರುವುದು ನೆಂಟಸ್ತನದ ವರಸೆ! ಯಾರು ಯಾರನ್ನು ಮದುವೆಯಾಗಬಾರದು ಎಂಬುದನ್ನು ಷಾರ್ತ್ರ್‌ನಲ್ಲಿ ಇಡೀ ಚಳಿಗಾಲ ಕಲಿಸಿದ್ದರು. ಹಳೆಯ ಹಾಳೆಗಳನ್ನು ಹುಡುಕಿ ತೆಗೆದೆ. ಕೂಸಿಗೆ ಹೆಸರಿಡುವ ಜ್ಞಾನಸ್ನಾನದ ನೀರಿನಿಂದ ಅದನ್ನು ಎತ್ತಿಕೊಂಡವನು ಅದರ ಜ್ಞಾನತಂದೆ. ಆ ಗಳಿಗೆಯಿಂದ ಅವನು ಕೂಸಿನ ತಾಯಿಗೆ ಒಡಹುಟ್ಟಿದವನ ಸಮ. ಮದುವೆ ಎಂದೆಂದಿಗೂ ನಿಷಿದ್ಧ.

ಥಿಬೋಗೆ ಇದು ಗೊತ್ತಿಲ್ಲ. ಸೋದರಮಾವನ ಕೋಟೆಯಲ್ಲಿ ಇದನ್ನೆಲ್ಲ ಯಾರು ಕಲಿಸುತ್ತಾರೆ?

ನವೆಂಬರ್ 26

ಲಾಯದಲ್ಲಿ ಥಿಬೋನನ್ನು ಹಿಡಿದೆ.

"ತಮ್ಮ, ರಾವುಲನ ಮಗುವಿಗೆ ಒಬ್ಬ ಜ್ಞಾನತಂದೆ ಬೇಕು. ಧೀರ, ಕುಲೀನ, ರೂಪವಂತ. ನೀನೇ ಸರಿ ಅನ್ನಿಸ್ತು."

ನಗುತ್ತಾನೆ, ಸಂಶಯಪಡುತ್ತಾನೆ ಎಂದುಕೊಂಡಿದ್ದೆ. ಕುದುರೆಯ ಬೆನ್ನು ಉಜ್ಜುತ್ತಿದ್ದ ಹುಲ್ಲನ್ನು ಕೆಳಗೆ ಬಿಟ್ಟು ನನ್ನನ್ನು ತಬ್ಬಿಕೊಂಡ. ಕಣ್ಣಲ್ಲಿ ನೀರು.

"ನಿಜವಾಗ್ಲೂ ನನ್ನನ್ನೇ ಕರೀತಿದ್ದೀಯಾ ಅಣ್ಣ? ನಾನೆಲ್ಲೋ, ನಿನಗೆ ನನ್ನ ಮೇಲೆ ಏನೋ ಕೋಪ ಇದೆ ಅಂದ್ಕೊಂಡಿದ್ದೆ."

"ಕೋಪ? ನನಗೆ?"

ಮೈಯೆಲ್ಲ ಕುದುರೆಯ ವಾಸನೆ. ಎರಡು ಸಲ ತೊಳೆದರೂ ಹೋಗಿಲ್ಲ.

ಸಂತ ನಿಕೊಲಾಸನ ಹಬ್ಬ, ಡಿಸೆಂಬರ್ 6

ಮೆಲಿಸಾಂದ್ ಅಂಗಳದ ಬಿಸಿಲಿನಲ್ಲಿ ಕೂತು ಮಗುವಿನ ಟೊಪ್ಪಿಗೆ ಹೊಲಿಯುತ್ತಿದ್ದಳು. ಸುದ್ದಿ ಅವಳಿಗೂ ಮುಟ್ಟಿದೆ.

"ಥಿಬೋ ಅವರನ್ನ ಜ್ಞಾನತಂದೆ ಮಾಡ್ತಿದ್ದೀರಂತೆ. ಒಡೆಯರದು ದೊಡ್ಡ ಮನಸ್ಸು."

"ಏನೋ, ಕೈಲಾದದ್ದು."

"ಗಂಡಾದರೆ ಜ್ಞಾನತಂದೆಯ ಹೆಸರೇ ಇಡೋದಲ್ವಾ? ಥಿಬೋ. ಕರೆಯೋಕೆ ಚೆನ್ನಾಗಿದೆ." ದಾರವನ್ನು ಹಲ್ಲಿನಲ್ಲಿ ಕತ್ತರಿಸಿದಳು. "ನಿಮ್ಮ ಹೆಸರೂ ಚೆನ್ನಾಗಿದೆ. ಗೊಂತ್ರಾನ್. ಗಂಟೆ ಹೊಡೆದ ಹಾಗಿದೆ. ಆದರೆ ನೀವು ಇಂಥದ್ದಕ್ಕೆಲ್ಲ ಆಸೆಪಡೋರಲ್ಲ ಬಿಡಿ."

ಹೆಸರಿನ ಮಾತು ನನಗೆ ಗೊತ್ತಿರದ್ದೇನಲ್ಲ. ತೆರಬೇಕಾದ ಸಣ್ಣ ಬೆಲೆ ಎಂದುಕೊಂಡಿದ್ದೆ. ಈಗ ಯೋಚಿಸಿದರೆ, ನಾಳೆ ಅವಳು ನನ್ನ ಹೆಂಡತಿಯಾಗಿ ನನ್ನ ಮನೆಯಲ್ಲಿ, ನನ್ನ ಒಲೆಯ ಮುಂದೆ, ದಿನಕ್ಕೆ ನೂರು ಸಲ "ಥಿಬೋ, ಬಾರೋ, ಥಿಬೋ, ಉಣ್ಣೋ, ನನ್ನ ಮುದ್ದು ಥಿಬೋ" ಎಂದು ಕರೆಯುತ್ತಿರುತ್ತಾಳೆ. ನಾನು ಕೇಳಿಸಿಕೊಂಡು ಕೂತಿರಬೇಕು.

ಗಂಟೆ ಹೊಡೆದ ಹಾಗಿದೆ ಎಂದಳು. ಹೊಗಳಿಕೆಯೇ ಇರಬೇಕು.

ಡಿಸೆಂಬರ್ 13

ಅಡುಗೆಮನೆಯವರು ಈಗಲೇ ಅವಳ ಹೊಟ್ಟೆಯನ್ನು ನೋಡಿ "ಚಿಕ್ಕ ಥಿಬೋ ಒದ್ದನಾ?" ಎಂದು ಕೇಳುತ್ತಿದ್ದಾರೆ. ಉಪವಾಸದ ಕಾಲ, ಊಟಕ್ಕೆ ಬರೀ ಉಪ್ಪುಮೀನು. ಅದೂ ಸೇರಲಿಲ್ಲ. ಹೊಟ್ಟೆಯಲ್ಲಿ ಬೇರೆ ಅಡುಗೆ ಬೇಯುತ್ತಿದೆ.

ಸಂತ ತೋಮಸನ ಹಬ್ಬ, ಡಿಸೆಂಬರ್ 21

ನಮ್ಮೆಲ್ಲರ ಮೇಲಿನ ದೊರೆ ಕೌಂಟ್ ಆಳು ಕಳಿಸಿದ್ದಾನೆ. ಸೊರೆಲಿನ ವಿಧವೆಯನ್ನು ತನ್ನ ಬೇಟೆಯ ಅಧಿಕಾರಿಗೆ ಮದುವೆ ಮಾಡಿಕೊಡಬಹುದಲ್ಲ ಎಂದು ಕೇಳಿದ್ದಾನೆ. ದೊರೆಗಳು ಕೇಳುವುದು ಹೇಳಿದಂತೆಯೇ. ಆ ಬೇಟೆಗಾರನನ್ನು ಬಲ್ಲೆ. ಮೂವರು ಹೆಂಡಿರನ್ನು ಮಣ್ಣು ಮಾಡಿದ್ದಾನೆ. ಹಲ್ಲಿಲ್ಲ, ಹಾವಳಿಗೆ ಕಡಿಮೆಯಿಲ್ಲ. ಸೊರೆಲ್ ಅವನ ಕೈಗೆ ಹೋದರೆ ರಾವುಲನ ಕೂಸು ದೊಡ್ಡದಾಗುವುದರೊಳಗೆ ಅಲ್ಲಿ ಗೋಡೆ ಬಿಟ್ಟು ಏನೂ ಉಳಿಯದು.

ಹೆರಿಗೆಯಾಗಲಿ ಎಂದು ಹೇಳಿ ಕಳಿಸಿದೆ. ಮೆಲಿಸಾಂದ್ ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಳು. ಬೆಳ್ಳಗಾಗಿದ್ದಳು. ಸಂಜೆಯೆಲ್ಲ ಅಮ್ಮನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಹೆಂಗಸರಿಬ್ಬರಿಗೂ ಅಷ್ಟು ಹೊತ್ತು ಏನು ಮಾತೋ.

ಥಿಬೋ ಮರದಲ್ಲಿ ಒಂದು ಗಿಲಕಿ ಕೆತ್ತಿದ್ದಾನೆ. ಒಳಗೆ ಬಟಾಣಿ ಕಾಳು ಹಾಕಿದ್ದಾನೆ. ಚೆನ್ನಾಗಿ ಸದ್ದು ಮಾಡುತ್ತದೆ. ಮಾಡದಿರಲಿ ಎಂದು ಆಸೆಪಟ್ಟಿದ್ದೆ.

ಡಿಸೆಂಬರ್ 26

ಬೆಳಿಗ್ಗೆ ಗಂಡುಮಗು. ತಾಯಿ ಮಗು ಕ್ಷೇಮ. ಅಮ್ಮ ಮೆಟ್ಟಿಲಿಳಿದು ಬಂದು, "ಥಿಬೋ, ಬಾರೋ, ನೋಡು" ಎಂದಳು. ಮೊದಲು ಅವನನ್ನೇ ಕರೆದಳು.

ನಾಳೆ ಜ್ಞಾನಸ್ನಾನ. ನಾಳೆಗೆ ನನ್ನ ದಾರಿ ತೆರವು.

ಸಂತ ಯೊವಾನ್ನನ ಹಬ್ಬ, ಡಿಸೆಂಬರ್ 27

ಏನು ಮಾಡಿದೆ, ದೇವರೇ, ನಾನು ಏನು ಮಾಡಿದೆ!

ಒಂದರ ಹಿಂದೆ ಒಂದನ್ನು ಬರೆಯುತ್ತೇನೆ.

ಕೋಟೆಯೊಳಗಿನ ಚಿಕ್ಕ ಚರ್ಚು ನಮ್ಮ ಚಾಪೆಲ್ಲು, ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆತ್ತವಳು ಶುದ್ಧಿಯಾಗುವ ತನಕ ಚರ್ಚಿಗೆ ಬರುವಂತಿಲ್ಲವಾದ್ದರಿಂದ ಮೆಲಿಸಾಂದ್ ಮೇಲಿನ ಕೋಣೆಯಲ್ಲೇ ಇದ್ದಳು. ಜ್ಞಾನತಾಯಿಯಾಗಿ ಅಮ್ಮ ನಿಂತಿದ್ದಳು. ಥಿಬೋ ಅಳಿಲುತುಪ್ಪಳದ ಅಂಚಿನ ಹಸಿರು ನಿಲುವಂಗಿ ತೊಟ್ಟಿದ್ದ. ಬಾಗಿಲಲ್ಲೇ ಹೆಂಗಸರು ಉಸಿರೆಳೆದುಕೊಂಡರು. ನಾನು ಕಂಬದ ಹಿಂದೆ ನಿಲ್ಲುವುದು, ನೋಡುವುದು, ಗೆಲ್ಲುವುದು, ಇಷ್ಟೇ ಎಂದು ತೀರ್ಮಾನಿಸಿದ್ದೆ.

ಕಲ್ಲಿನ ತೊಟ್ಟಿಗೆ ಬಿಸಿನೀರು ಬೆರೆಸಿದ್ದರು. ಪಾದ್ರಿ ಫುಲ್ಕ್ ಕೂಸಿನ ಬಟ್ಟೆ ಬಿಚ್ಚಿದರು. ಇಷ್ಟು ದಿನ ನಾನು ಅದನ್ನು ಒಂದು ಉಪಾಯ ಎಂದೇ ನೋಡಿದ್ದೆ. ಅದಕ್ಕೆ ಕೈಕಾಲುಗಳಿದ್ದವು. ಕೆಂಪಗೆ, ಮುಷ್ಟಿ ಬಿಗಿದು, ಯಾರ ಮೇಲೋ ವ್ಯಾಜ್ಯ ಹೂಡಿದವನಂತೆ ಚೀರುತ್ತಿತ್ತು. ಪಾದ್ರಿ ಮೂರು ಸಲ ಮುಳುಗಿಸಿ, ನೀರು ಸುರಿಯುತ್ತಿದ್ದ ಕೂಸನ್ನು ಮುಂದೆ ಚಾಚಿ, "ಎತ್ತಿಕೊಳ್ಳುವವರು ಯಾರು?" ಎಂದರು.

ಥಿಬೋ ಎರಡು ಕೈ ಚಾಚಿದ. ಹಿಂದಿನಿಂದ ಅಡುಗೆಯವಳೊಬ್ಬಳು, "ನೋಡ್ರೇ, ಥಿಬೋನ ಕೈಗೆ ಥಿಬೋ!" ಎಂದಳು. ಎಲ್ಲರೂ ಮೆಲ್ಲಗೆ ನಕ್ಕರು.

ಅಷ್ಟೇ. ಬೇರೇನೂ ಆಗಲಿಲ್ಲ. ಆ ನಗು ಕಿವಿಗೆ ಬಿದ್ದಾಗ ನಾನು ಕಂಬದ ಹಿಂದಿದ್ದೆ. ನಗು ನಿಲ್ಲುವಷ್ಟರಲ್ಲಿ ತೊಟ್ಟಿಯ ಮುಂದಿದ್ದೆ. ನನ್ನ ಎರಡೂ ಕೈ ಕೂಸಿನ ಕೆಳಗಿದ್ದವು. ಥಿಬೋ ಕೂಸಿನ ತಲೆಯ ಕಡೆ, ನಾನು ಕಾಲಿನ ಕಡೆ.

"ಅಣ್ಣ, ಬಿಡು. ನಾನಲ್ವಾ?" ಎಂದ ಮೆಲ್ಲಗೆ.

"ಒಡೆಯ ನಾನು," ಎಂದೆ.

"ನೀನೇ ತಾನೆ ನನಗೆ ಹೇಳಿದ್ದು?"

"ಈಗ ಬೇಡ ಅಂತ ಹೇಳ್ತಿದ್ದೀನಿ."

"ಜಾರುತ್ತೆ ಕಣೋ! ಗಟ್ಟಿ ಹಿಡಿ!"

ಗಟ್ಟಿ ಹಿಡಿದೆ. ಇಬ್ಬರೂ ಹಿಡಿದೆವು.

ಪಾದ್ರಿ ನಮ್ಮಿಬ್ಬರ ಮುಖ ನೋಡಿದರು. "ಇಬ್ಬರು ಎತ್ತಿದರೂ ಧರ್ಮಕ್ಕೆ ಅಡ್ಡಿಯಿಲ್ಲ. ಹೆಸರು ಮಾತ್ರ ಒಂದೇ ಇರಲಿ. ಏನು ಹೆಸರು?"

"ಥಿಬೋ," ಎಂದ ಅವನು. "ಗೊಂತ್ರಾನ್!" ಎಂದೆ ನಾನು. ನಿಜಕ್ಕೂ ಗಂಟೆ ಹೊಡೆದಂತೆಯೇ ಕೇಳಿಸಿತು. ಕೂಸು ಬೆಚ್ಚಿ ಇನ್ನೂ ಜೋರಾಗಿ ಅತ್ತಿತು.

ಆಗ ಅಮ್ಮ ಮುಂದೆ ಬಂದು ಒಣಬಟ್ಟೆಯಲ್ಲಿ ಕೂಸನ್ನು ನಮ್ಮ ನಾಲ್ಕು ಕೈಗಳಿಂದ ಬಿಡಿಸಿಕೊಂಡಳು.

"ಓಬ್ರಿ," ಎಂದಳು. "ಹೆಸರು ಓಬ್ರಿ. ಮುಗಿಸಿ ಪಾದ್ರಿಗಳೇ. ಇವರ ಜಗಳ ಮುಗಿಯೋ ಹೊತ್ತಿಗೆ ಕೂಸಿಗೆ ಮೀಸೆ ಬಂದಿರುತ್ತೆ."

ನಮ್ಮ ಹಿರಿಯಣ್ಣ ಓಬ್ರಿಯ ಹೆಸರನ್ನು ಅಮ್ಮ ಬಾಯಿಬಿಟ್ಟು ಹೇಳಿದ್ದು ಅವನು ಹೋದಮೇಲೆ ಇದೇ ಮೊದಲು. ಥಿಬೋ ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ. ಬದುಕಿದ್ದ ಇಬ್ಬರನ್ನೂ ಸತ್ತವನು ಒಂದೇ ಮಾತಿನಲ್ಲಿ ಸೋಲಿಸಿದ. ಬದುಕಿದ್ದಾಗಲೂ ಅವನು ಹೀಗೆಯೇ.

ತೋಳಿನ ನೀರು ಆರುವ ಮೊದಲೇ ನನಗೆ ಹೊಳೆಯಿತು. ಜ್ಞಾನತಂದೆಗೆ ಜ್ಞಾನ ಬಂದದ್ದು ಸ್ನಾನ ಮುಗಿದ ಮೇಲೆ.

ಡಿಸೆಂಬರ್ 28

ಬಾಣಂತಿ ಕೋಣೆಯ ಬಾಗಿಲವರೆಗೆ ಹೋಗಿ ಕ್ಷೇಮ ಕೇಳಿದೆ. ಒಳಗಿನಿಂದ ಮೆಲಿಸಾಂದಳ ದನಿ, ಎಂದೂ ಇಲ್ಲದಷ್ಟು ಹಗುರ:

"ಚೆನ್ನಾಗಿದ್ದೀನಿ ಅಣ್ಣ!"

ಇನ್ನು ಬರೆಯಲು ಏನೂ ಇಲ್ಲ.

ಜನವರಿ 7

ಬರೆಯಲು ಇದೆ.

ಥಿಬೋ ಲಾಯದಲ್ಲಿ ಸಿಕ್ಕಿ, "ಅಣ್ಣ, ಶುದ್ಧಿ ಮುಗಿದ ಮೇಲೆ ನಾನು ಅವಳನ್ನ ಕೇಳೋಣ ಅಂತಿದ್ದೀನಿ. ನಿನ್ನ ಒಪ್ಪಿಗೆ ಬೇಕು," ಎಂದ. ಇನ್ನು ಮುಚ್ಚಿಡುವಂತಿರಲಿಲ್ಲ. ವಿಧಿ ಹೇಳಿದೆ. ಅವನಿಗೂ ಇಲ್ಲ, ನನಗೂ ಇಲ್ಲ, ಎಂದೆಂದಿಗೂ ಇಲ್ಲ.

ಅವನು ಕುದುರೆಯ ಕುತ್ತಿಗೆ ಸವರುತ್ತ ನಿಂತ.

"ನಿನಗೆ ಇದು ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಅದಕ್ಕೇ ನನ್ನನ್ನ ಕರೆದದ್ದು."

"ಹೌದು."

ಹೊಡೆಯುತ್ತಾನೆಂದು ಕಣ್ಣು ಮುಚ್ಚಿಕೊಂಡೆ. ಅವನು ಕೈ ಎತ್ತಿದರೆ ನಾನು ಈಸ್ಟರ್ ತನಕ ಗಂಜಿ ಕುಡಿಯಬೇಕು.

"ಮತ್ತೆ ನೀನ್ಯಾಕೋ ಕೈ ಹಾಕಿದೆ?"

"ಗೊತ್ತಿಲ್ಲ. ಅವರು ನಕ್ಕರು. ನಿನ್ನ ಹೆಸರು ಹೇಳಿ ನಕ್ಕರು."

ಥಿಬೋ ನನ್ನನ್ನೇ ನೋಡಿದ. ಅವನ ಮುಖ ಒಂದು ಕಡೆಯಿಂದ ಸಡಿಲವಾಗತೊಡಗಿತು. ಕೊನೆಗೆ ಹುಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕ. "ನನ್ನನ್ನ ಒಬ್ಬನೇ ಕಳಿಸೋಕೆ ಮನಸ್ಸು ಬರಲಿಲ್ಲ ಅನ್ನು!" ಎಂದ. ಆಮೇಲೆ ನಗು ನಿಂತಿತು. "ನಾನು ಅವಳನ್ನ ತುಂಬಾ ಇಷ್ಟಪಟ್ಟಿದ್ದೆ ಅಣ್ಣ," ಎಂದ.

"ನಾನೂ," ಎಂದೆ.

ಪಕ್ಕದಲ್ಲಿ ಕೂತೆ. ಚಳಿಯಿತ್ತು. ಇವತ್ತು ಕುದುರೆಯ ವಾಸನೆ ಅಷ್ಟು ಕಾಡಲಿಲ್ಲ.

ಜನವರಿ 12

ಕೌಂಟನ ಆಳು ಮತ್ತೆ ಬಂದ. ಹೆರಿಗೆಯಾಯಿತಲ್ಲ, ವಿಧವೆಯನ್ನು ಬೇಟೆಗಾರನಿಗೆ ಯಾವಾಗ ಕೊಡುತ್ತೀರಿ?

ನನಗೆ ಸಿಗದವಳು ಆ ಬೊಚ್ಚುಬಾಯಿಗೆ? ಮೈಯೆಲ್ಲ ಉರಿದುಹೋಯಿತು. "ಜ್ಞಾನತಂದೆಯರಿಬ್ಬರೂ ಒಪ್ಪುವುದಿಲ್ಲ. ಕೂಸು ಕತ್ತಿ ಹಿಡಿಯುವ ತನಕ ಸೊರೆಲ್ ಕೂಸಿನ ತಾಯಿಯದು," ಎಂದೆ. ಕೌಂಟನಿಗೆ ಹೀಗೆ ಎದುರಾಡಿದ್ದು ನಾನೇ ಎಂದು ನಂಬಲು ನನಗೂ ಸ್ವಲ್ಪ ಹೊತ್ತು ಬೇಕಾಯಿತು. ಥಿಬೋ ನನ್ನ ಪಕ್ಕ ಬಂದು ನಿಂತು, "ಈ ಮಾತು ಮುಟ್ಟಿಸೋಕೆ ನಾನೇ ಬರ್ತೀನಿ, ನಡಿ," ಎಂದ. ಕತ್ತಿ ಕಟ್ಟಿಕೊಂಡೇ ಹೋದ.

ಅಮ್ಮ ನೂಲುತ್ತಲೇ ಇದ್ದಳು. "ಮೆಲಿಸಾಂದ್ ಸರಿಯಾಗೇ ಹೇಳಿದ್ಲು," ಎಂದಳು.

"ಏನು ಹೇಳಿದಳು?"

"ಗಂಡನಾದೋನು ಕೋಟೆ ಕೇಳ್ತಾನೆ. ಅಣ್ಣನಾದೋನು ಕಾಯ್ತಾನೆ. ಗೊಂತ್ರಾನ್ ಅವರ ಹೊಟ್ಟೆಕಿಚ್ಚು ಇರೋ ತನಕ ನನ್ನ ಬಾಗಿಲಿಗೆ ಬೇರೆ ಬೀಗ ಬೇಡ ಅಂತ."

"ಯಾವಾಗ ಹೇಳಿದಳು ಇದನ್ನ?"

"ಕೌಂಟನ ಆಳು ಮೊದಲ ಸಲ ಬಂದ ದಿನ. ಜ್ಞಾನತಂದೆ ಅಣ್ಣನ ಸಮ ಅನ್ನೋದು ಹೆರೋ ಹೆಂಗಸರಿಗೆಲ್ಲ ಗೊತ್ತು ಕಣೋ. ನೀನು ಕೈ ಹಾಕಿಯೇ ಹಾಕ್ತೀಯ ಅಂತ ನಾನೇ ಹೇಳಿದ್ದೆ. ಚಿಕ್ಕಂದಿನಲ್ಲಿ ಥಿಬೋಗೆ ಜ್ವರ ಬಂದ್ರೆ, ನನಗೂ ಬೇಕು ಅಂತ ಅಳ್ತಿದ್ದೋನು ನೀನು."

ಅಡುಗೆಯವಳನ್ನು ಆ ಮಾತಾಡಲು ತೊಟ್ಟಿಯ ಹತ್ತಿರ ನಿಲ್ಲಿಸಿದ್ದೂ ಅಮ್ಮನೇ ಇರಬೇಕು. ಕೇಳಲಿಲ್ಲ. ಷಾರ್ತ್ರ್‌ನಲ್ಲಿ ಇದನ್ನು ಕಲಿಸಲಿಲ್ಲ.

ಜನವರಿ 24

ಥಿಬೋ ಕ್ಷೇಮವಾಗಿ ಮರಳಿದ. ಕೌಂಟ್ ಬೈದನಂತೆ, ಆಮೇಲೆ ಉಣ್ಣಿಸಿ ಕಳಿಸಿದನಂತೆ. ಬೇಟೆಗಾರನಿಗೆ ಬೇರೆ ವಿಧವೆಯನ್ನು ಹುಡುಕುತ್ತಿದ್ದಾರೆ, ಪಾಪ, ಅವಳು ಯಾರೋ.

ಅಮ್ಮ ಕೂಸನ್ನು ಬೆಂಕಿಯ ಬಳಿಗೆ ತಂದಿದ್ದಳು. ನಾನು ಎತ್ತಿಕೊಂಡರೆ ಸುಮ್ಮನೆ ದಿಟ್ಟಿಸುತ್ತದೆ. ಥಿಬೋ ಗಿಲಕಿ ಆಡಿಸಿದರೆ ಬಾಯಿ ಅಗಲ ಮಾಡುತ್ತದೆ. ಅದು ನಗುವಲ್ಲ, ಹೊಟ್ಟೆಯ ವಾಯು ಎಂದು ಅಮ್ಮ ಹೇಳಿದಳು. ನನಗೆ ನಗುವಂತೆಯೇ ಕಂಡಿತು.

ನಾನೂ ಒಂದು ಗಿಲಕಿ ಕೆತ್ತಲು ಕೂತಿದ್ದೇನೆ. ಬೆರಳು ಕೊಯ್ದುಕೊಂಡೆ. ಥಿಬೋ ಚಾಕು ಹಿಡಿಯುವುದನ್ನು ತೋರಿಸಿಕೊಡುತ್ತಿದ್ದಾನೆ.

ಮೋಂಬತ್ತಿ ಹಬ್ಬ, ಫೆಬ್ರವರಿ 2, 1218

ಇವತ್ತು ಮೆಲಿಸಾಂದಳ ಶುದ್ಧಿ. ಕೈಯಲ್ಲಿ ಉರಿಯುವ ಮೋಂಬತ್ತಿ ಹಿಡಿದು ಚಾಪೆಲ್ಲಿಗೆ ಬಂದಳು. ಪೂಜೆಯಾದ ಮೇಲೆ ಸೊರೆಲ್ ಕೋಟೆಗಾಗಿ ಮಗನ ಪರವಾಗಿ ಪ್ರಮಾಣ ಮಾಡಲು ನನ್ನ ಕುರ್ಚಿಯ ಮುಂದೆ ಮೊಣಕಾಲೂರಿದಳು. ಪ್ರಮಾಣ ಮಾಡುವವರು ಜೋಡಿಸಿದ ಕೈಗಳನ್ನು ಒಡೆಯನ ಎರಡು ಅಂಗೈಗಳ ನಡುವೆ ಇಡಬೇಕು. ಅವಳ ಕೈಗಳು ನನ್ನ ಕೈಯೊಳಗೆ ಬರಲಿ ಎಂದು ಇಡೀ ಚಳಿಗಾಲ ಹಂಬಲಿಸಿದ್ದೆ. ಬಂದವು.

"ಅಣ್ಣ, ಇವನದೂ ಇರಲಿ," ಎಂದಳು. ಅಮ್ಮ ಕೂಸನ್ನು ಬಾಗಿಸಿ ಹಿಡಿದಳು. ಮೆಲಿಸಾಂದ್ ತನ್ನ ಕೈ ತೆಗೆದು, ಅವನ ಮುಷ್ಟಿಗಳನ್ನು ಅಲ್ಲಿಟ್ಟಳು. ತಣ್ಣಗಿದ್ದವು. ಈ ಚಳಿಯಲ್ಲಿ ಕೂಸಿಗೆ ಕೈಗವಸು ಹಾಕದೆ ಕರೆತರುತ್ತಾರೆಯೇ? ಎರಡು ಅಂಗೈ ಮುಚ್ಚಿ ಬಾಯಿಂದ ಬಿಸಿಯುಸಿರು ಊದುತ್ತಿದ್ದೆ. ಪಾದ್ರಿ ಕೆಮ್ಮಿದರು. ಹೇಳಬೇಕಾದ ಮಾತುಗಳನ್ನು ಹೇಳಿದೆ: ಕಾಯುತ್ತೇನೆ, ಕೈಬಿಡುವುದಿಲ್ಲ, ದೇವರು ಸಾಕ್ಷಿ. ಓಬ್ರಿ ನನ್ನ ಹೆಬ್ಬೆರಳನ್ನು ಹಿಡಿದುಕೊಂಡಿದ್ದ. ಗಿಲಕಿ ಕೆತ್ತಿ ಗಾಯವಾಗಿದ್ದ ಬೆರಳು. ನೋಯುತ್ತಿತ್ತು.

ಓಬ್ರಿಯನ್ನು ಅಮ್ಮನ ಕೈಯಿಂದ ಎತ್ತಿಕೊಂಡೇ ಅಂಗಳಕ್ಕೆ ಬಂದೆ. ಗಾಡಿ ಸಿದ್ಧವಾಗಿತ್ತು. ಸೊರೆಲ್ ಇಲ್ಲಿಗೆ ಅರ್ಧ ದಿನದ ದಾರಿ. ಹಿಮ ಬೀಳುವ ಲಕ್ಷಣವಿದೆ, ನಾಳೆ ಹೋದರಾಯಿತು ಎಂದು ನಾನು ಹೇಳಿದ್ದಕ್ಕೆ ಎಲ್ಲರೂ ಶುಭ್ರವಾದ ಆಕಾಶವನ್ನು ನೋಡಿದರು.

ಮೆಲಿಸಾಂದ್ ಯಾವ ಬಣ್ಣದ ಉಡುಪು ತೊಟ್ಟಿದ್ದಳು ಎಂದು ಬರೆಯಲು ಹೊರಟೆ, ನೆನಪಾಗುತ್ತಿಲ್ಲ.

ಥಿಬೋ ಹಿಂದಿನಿಂದ ಬಂದು ಭುಜ ತಟ್ಟಿದ. "ಅಣ್ಣ, ಪ್ರಮಾಣ ಮುಗೀತಲ್ಲ, ಬಿಡು. ಗಾಡಿ ತನಕ ನಾನು ಎತ್ಕೊಂಡು ಹೋಗ್ತೀನಿ. ಈಗ ನನ್ನ ಸರದಿ."

ನಾನು ಕೊಡಲಿಲ್ಲ.